ಬಾಗಿಲ ಪಕ್ಕದ ಮೊದಲ ಸೀಟು

ಮಿಲ್‌ಬ್ರಾಂಚ್, ಸೌತ್ ಕ್ಯಾರೊಲೈನಾ
10 ಸೆಪ್ಟೆಂಬರ್ 2023, ಭಾನುವಾರ

ಅಪ್ಪನಿಗೆ ಮೈಥಿಲಿಯ ನಮಸ್ಕಾರ.

ತೀರ್ಥರೂಪ, ಸಾಷ್ಟಾಂಗ ಎಂದೆಲ್ಲ ಬರೆದರೆ ನೀವು ಅಕ್ಕನಿಗೆ ತೋರಿಸಿ ನಗುತ್ತೀರಿ, ಅದಕ್ಕೇ ಬಿಟ್ಟಿದ್ದೇನೆ. ಗಂಟಲಿನ ಆಪರೇಷನ್ ಆದ ಮೇಲೆ ನಿಮ್ಮ ದನಿ ಹೋಯಿತು, ಸರಿ. ಆದರೆ ವೀಡಿಯೋ ಕಾಲ್‌ನಲ್ಲಿ ನೀವು ಬರೀ ತಲೆಯಾಡಿಸುವುದು, ಪಕ್ಕದಲ್ಲಿ ನಿಂತ ಶಾರದಕ್ಕ "ಅಪ್ಪ ಹೂಂ ಅಂತಿದಾರೆ ಕಣೇ" ಎಂದು ಹೇಳುವುದು ನನಗೆ ಸಾಕಾಗಿದೆ. ಇನ್ನು ಮೇಲೆ ಪತ್ರ. ಇಲ್ಲಿಂದ ಗೈದರ್ಸ್‌ಬರ್ಗ್‌ನ ಅಕ್ಕನ ಮನೆಗೆ ಅಂಚೆ ತಲುಪಲು ನಾಲ್ಕೈದು ದಿನವಂತೆ. ನಿಮಗೆ ಹೇಗೂ ಪುರುಸೊತ್ತಿದೆ.

ಊರು ಚಿಕ್ಕದು. ಒಂದು ಹೈಸ್ಕೂಲು, ಎರಡು ಗ್ಯಾಸ್ ಸ್ಟೇಷನ್, ಏಳು ಚರ್ಚು. ಒಂಬತ್ತನೇ ಗ್ರೇಡಿನ ಮಕ್ಕಳಿಗೆ ನಾನು ಆಲ್ಜೀಬ್ರಾ ಕಲಿಸುತ್ತೇನೆ, ಅವರು ನನಗೆ ಅವರ ಇಂಗ್ಲಿಷ್ ಕಲಿಸುತ್ತಾರೆ. ಇಲ್ಲಿ ಕಾರಿಲ್ಲದವರು ಕಾಲಿಲ್ಲದವರ ಲೆಕ್ಕ. ಡ್ರೈವರ್ ಮಗಳಾಗಿ ಸ್ಟೀರಿಂಗ್ ಹಿಡಿಯಲು ಭಯ ಎಂದರೆ ಯಾರೂ ನಂಬುವುದಿಲ್ಲ. ಎರಡು ಸಲ ಲೈಸೆನ್ಸ್ ಟೆಸ್ಟಿನಲ್ಲಿ ಫೇಲಾದೆ. ಮೂರನೆಯ ಸಲಕ್ಕೆ ಮರ್ಯಾದೆ ಬಿಡಲಿಲ್ಲ.

ಹಾಗಾಗಿ ಬಸ್ಸು. ಎರಡು ವಾರಕ್ಕೊಮ್ಮೆ ಶನಿವಾರ ಬೆಳಿಗ್ಗೆ ಏಳಕ್ಕೆ ಗ್ಯಾಸ್ ಸ್ಟೇಷನ್ ಮುಂದೆ ನಿಂತರೆ ಅಟ್ಲಾಂಟಾ ಬಸ್ಸು ಸಿಗುತ್ತದೆ. ಆರು ಗಂಟೆಯ ದಾರಿ. ಅಲ್ಲಿ ಅಕ್ಕನ ಅತ್ತೆಯ ತಂಗಿ ವಸಂತಾ ಆಂಟಿ ಇದ್ದಾರಲ್ಲ, ಅವರ ಬೇಸ್‌ಮೆಂಟಿನಲ್ಲಿ ಹನ್ನೆರಡು ಮಕ್ಕಳಿಗೆ ಕನ್ನಡ ಹೇಳಿಕೊಟ್ಟು, ಸಾರನ್ನ ತಿಂದು, ಭಾನುವಾರ ಅದೇ ಬಸ್ಸಿಗೆ ವಾಪಸ್ ಬರುತ್ತೇನೆ. ಹದಿನೈದು ದಿನಕ್ಕೊಮ್ಮೆಯಾದರೂ ಎದುರಾಬದುರು ಕೂತು ಕನ್ನಡ ಆಡದಿದ್ದರೆ ನನಗೆ ತಲೆ ಕೆಡುತ್ತದೆ. ಆ ಬಸ್ಸಿಲ್ಲದಿದ್ದರೆ ನಾನು ಈ ಊರಿನಲ್ಲಿ ಒಂದು ವರ್ಷ ಬಾಳುವವಳಲ್ಲ.

ಡ್ರೈವರ್ ಹೆಸರು ಅರ್ನೆಸ್ಟ್. ಅರವತ್ತು ದಾಟಿದವರು, ಶರ್ಟಿನ ತೋಳಿಗೆ ನಿಮ್ಮ ಹಾಗೆಯೇ ಎರಡು ಮಡಿಕೆ. ನಮ್ಮಪ್ಪನೂ ಬಸ್ ಡ್ರೈವರ್ ಎಂದೆ. ಅಂದಿನಿಂದ ನನ್ನ ಬ್ಯಾಗನ್ನು ಅವರೇ ಎತ್ತಿಡುತ್ತಾರೆ. ಈ ಊರಿನಲ್ಲಿ ನನ್ನ ಹೆಸರನ್ನು ಪೂರ್ತಿ ಹೇಳಲು ಕಲಿತವರು ಅವರೊಬ್ಬರೇ.

ಒಂದು ವಿಚಿತ್ರ ಕೇಳಿ. ಇಲ್ಲಿ ಹೆದ್ದಾರಿಯ ಅಂಚಿನುದ್ದಕ್ಕೂ ಗೀರು ಕೊರೆದಿರುತ್ತಾರೆ. ಚಕ್ರ ಅದರ ಮೇಲೆ ಹೋದರೆ ಇಡೀ ಬಸ್ಸು ಗರ್ರ್ ಎನ್ನುತ್ತದೆ, ಮಲಗಿದವರು ಎದ್ದು ಕೂರುತ್ತಾರೆ. ನಿನ್ನೆ ಒಮ್ಮೆ ಹಾಗಾಯಿತು. ಅರ್ನೆಸ್ಟ್ ಕನ್ನಡಿಯಲ್ಲಿ ನನ್ನನ್ನು ನೋಡಿ, "ಏನಿಲ್ಲ ಟೀಚರ್, ರಸ್ತೆ ಗೊಣಗ್ತು ಅಷ್ಟೆ" ಎಂದರು. ನಾನೂ ನಕ್ಕೆ.

ನಿಮ್ಮ
ಮೈಥಿಲಿ


ಗೈದರ್ಸ್‌ಬರ್ಗ್, ಮೇರಿಲ್ಯಾಂಡ್
17 ಸೆಪ್ಟೆಂಬರ್ 2023

ಮೈಥಿಲಿಗೆ ಅಪ್ಪನ ಆಶೀರ್ವಾದ.

ಪತ್ರ ತಲುಪಿತು. ನಿನ್ನ ಅಕ್ಕ ಲ್ಯಾಬಿಗೆ ಹೋದ ಮೇಲೆ ನನ್ನ ಕೆಲಸವೆಂದರೆ ಕಿಟಕಿಯಲ್ಲಿ ಕೂತು ಕೌಂಟಿ ಬಸ್ಸು ನೋಡುವುದು. ಮುದುಕಿಯರು ಹತ್ತುವಾಗ ಇಲ್ಲಿ ಬಸ್ಸೇ ಒಂದು ಪಕ್ಕಕ್ಕೆ ಬಗ್ಗುತ್ತದೆ! ನಮ್ಮ ಕಾಲದಲ್ಲಿ ಕಂಡಕ್ಟರ್ ಸೂರ್ಯನಾರಾಯಣ ರಟ್ಟೆ ಹಿಡಿದು ಎಳೆದುಕೊಳ್ಳುತ್ತಿದ್ದ, ಅವರು ಅವನ ವಂಶವನ್ನೆಲ್ಲ ಬೈಯುತ್ತಾ ಹತ್ತುತ್ತಿದ್ದರು.

ಗೀರಿನ ವಿಷಯ ಎರಡು ಸಲ ಓದಿದೆ. ರಸ್ತೆಯೇ ಡ್ರೈವರನ್ನು ಎಬ್ಬಿಸುವ ದೇಶ! ನಮ್ಮನ್ನು ಎಬ್ಬಿಸಲು ಇದ್ದದ್ದು ಮರಗಳು ಮಾತ್ರ. ಮಗಳೇ, ರಸ್ತೆ ಗೊಣಗುವುದಿಲ್ಲ. ಆ ಮನುಷ್ಯ ತೂಕಡಿಸುತ್ತಿದ್ದಾನೆ.

ಹೆದರಬೇಡ, ಇದಕ್ಕೆ ಮದ್ದಿದೆ. ಇನ್ನು ಮೇಲೆ ಬಾಗಿಲ ಪಕ್ಕದ ಮೊದಲ ಸೀಟಿನಲ್ಲಿ ಕೂರು. ಡ್ರೈವರ್ ಮುಖ ಅಲ್ಲಿಂದ ಚೆನ್ನಾಗಿ ಕಾಣುತ್ತದೆ. ಅವನನ್ನು ಮಾತಾಡಿಸುತ್ತಲೇ ಇರು. ಕಡಲೆಕಾಯಿ ಬಿಡಿಸಿ ಕೊಡು, ಕಣ್ಣು ಎಳೆಯುತ್ತಿದೆ ಎನಿಸಿದರೆ ಉಪ್ಪು ಸವರಿದ ಹಸಿಮೆಣಸಿನಕಾಯಿ ಕೊಡು. ಮೈಸೂರು–ಹಿರಿಯೂರು ದಾರಿಯಲ್ಲಿ ಸೂರ್ಯನಾರಾಯಣ ನನ್ನನ್ನು ವರ್ಷಾನುಗಟ್ಟಲೆ ಹಾಗೆಯೇ ಎಚ್ಚರವಾಗಿಟ್ಟ. ಊಟವಾದ ಮೇಲಿನ ಒಂದು ಗಂಟೆ, ಬೆಳಗಿನ ಬಿಸಿಲು ಮುಖಕ್ಕೆ ಹೊಡೆಯುವ ಒಂದು ಗಂಟೆ, ಇವೆರಡನ್ನು ನೋಡಿಕೋ.

ಕಂಪ್ಲೇಂಟು ಗಿಂಪ್ಲೇಂಟು ಎಂದು ಹೋಗಬೇಡ. ಡ್ರೈವರ್ ಮೇಲೆ ಅರ್ಜಿ ಬರೆಯುವವರು ಎಂಥ ಜನ ಎಂದು ನಮ್ಮ ಮನೆಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಅಪ್ಪ


ಮಿಲ್‌ಬ್ರಾಂಚ್
22 ಅಕ್ಟೋಬರ್ 2023

ಅಪ್ಪನಿಗೆ,

ನಿಮ್ಮ ಮದ್ದು ಶುರು ಮಾಡಿ ಮೂರನೆಯ ಪ್ರಯಾಣ ಇದು. ಬಾಗಿಲ ಪಕ್ಕದ ಮೊದಲ ಸೀಟು ಈಗ ನನ್ನದೇ. ಬಸ್ಸು ಓಡುವಾಗ ಡ್ರೈವರನ್ನು ಮಾತಾಡಿಸಬಾರದು ಎಂದು ಕಣ್ಣೆದುರೇ ಬೋರ್ಡಿದೆ. ಅದನ್ನು ಓದುತ್ತಲೇ ಮಾತಾಡುತ್ತೇನೆ. ಇಲ್ಲಿಯ ಗ್ಯಾಸ್ ಸ್ಟೇಷನ್ನುಗಳಲ್ಲಿ ಬೇಯಿಸಿದ ಕಡಲೆಕಾಯಿ ಸಿಗುತ್ತದೆ, ಥೇಟ್ ನಮ್ಮ ಕಡೆಯದೇ. ಮೆಣಸಿನಕಾಯಿ ಕಚ್ಚಿದ ದಿನ ಅರ್ನೆಸ್ಟ್ ಕಣ್ಣೀರು ಒರೆಸಿಕೊಳ್ಳುತ್ತಾ, "ನಿಮ್ಮಪ್ಪ ಇನ್ನೂ ಬದುಕಿದಾರಾ ಟೀಚರ್?" ಎಂದು ಕೇಳಿದರು.

ನಮ್ಮ ಸ್ಕೂಲಿನ ಕ್ಯಾಫೆಟೇರಿಯಾದಲ್ಲಿ ಬಡಿಸುವ ಲೊರೇನ್ ಎಂಬವರೂ ಇದೇ ಬಸ್ಸಿಗೆ ಹತ್ತುತ್ತಾರೆ. ಆಗಸ್ಟಾ ಊರಿನಲ್ಲಿ ಅವರ ಮಗಳಿದ್ದಾಳೆ. ಹಿಂದಿನ ಸೀಟಿನಲ್ಲಿ ಕಾಲು ಚಾಚಿ ನಿದ್ದೆ ಹೊಡೆಯುವ ಗಿರಾಕಿ. "ನೀನೇನು ಅರ್ನೆಸ್ಟ್‌ನ ಮದ್ವೆ ಆಗ್ತೀಯಾ, ಅಷ್ಟು ಮಾತಾಡ್ತೀಯಲ್ಲ?" ಎಂದು ನನ್ನನ್ನು ರೇಗಿಸುತ್ತಾರೆ.

ನಿದ್ದೆಯ ಮೂಲವೂ ಗೊತ್ತಾಯಿತು. ಅರ್ನೆಸ್ಟ್ ಶುಕ್ರವಾರ ರಾತ್ರಿಯಿಡೀ ಒಂದು ಗೋದಾಮಿನಲ್ಲಿ ಕೆಲಸ ಮಾಡಿ ಅಲ್ಲಿಂದ ನೇರ ಬಸ್ಸಿಗೆ ಬರುತ್ತಾರೆ. ಅವರ ಹೆಂಡತಿ ಎರಡು ವರ್ಷದಿಂದ ನರ್ಸಿಂಗ್ ಹೋಮಿನಲ್ಲಿದ್ದಾರೆ. ಒಂದು ಕೆಲಸ ಸಾಲದು. ಗೋದಾಮಿನ ವಿಷಯ ಬಸ್ ಕಂಪನಿಗೆ ಗೊತ್ತಿಲ್ಲ. "ನಿಮ್ಮಪ್ಪ ಡ್ರೈವರ್ ಅಂತ ನಿಮಗೆ ಹೇಳ್ದೆ" ಎಂದರು.

ನಿನ್ನೆ ರಸ್ತೆ ಮೂರು ಸಲ ಗೊಣಗಿತು.

ಮೈಥಿಲಿ


ಮಿಲ್‌ಬ್ರಾಂಚ್
19 ನವೆಂಬರ್ 2023

ಅಪ್ಪನಿಗೆ,

ಒಂದು ಮಾತು ಕೇಳಬೇಕು. ಅಕ್ಕನಿಗೆ ತೋರಿಸದೆ ಓದಿ.

ಅರ್ನೆಸ್ಟ್ ನನ್ನ ಮಾತಿಗೆಲ್ಲ "ಅಹ್ಹಾ, ಅಹ್ಹಾ" ಎನ್ನುತ್ತಾರೆ. ಕೇಳುತ್ತಿದ್ದಾರೆ, ಎಚ್ಚರವಾಗಿದ್ದಾರೆ ಎಂದು ಇಷ್ಟು ದಿನ ಧೈರ್ಯವಾಗಿದ್ದೆ. ನಿನ್ನೆ ಕೊಲಂಬಿಯಾ ದಾಟಿದ ಮೇಲೆ ಏನೋ ಅನಿಸಿ, "ನಿಮ್ಮ ಹೆಂಡತಿ ಹೆಸರೇನು?" ಎಂದು ಕೇಳಿದೆ. "ಅಹ್ಹಾ" ಎಂದರು. "ಇವತ್ತು ಯಾವ ವಾರ?" ಎಂದೆ. "ಅಹ್ಹಾ." ಕಣ್ಣು ತೆರೆದೇ ಇತ್ತು. ಕೈ ಸ್ಟೀರಿಂಗ್ ಮೇಲೇ ಇತ್ತು. ನಾನು ಮಾತು ನಿಲ್ಲಿಸಿದೆ. ನಾನು ಸುಮ್ಮನಾದ ಮೇಲೂ ಅವರು ಎರಡು ಸಲ "ಅಹ್ಹಾ" ಎಂದರು. ಜೋರಾಗಿ ಹೆಸರು ಹಿಡಿದು ಕೂಗಿದೆ. ಬೆಚ್ಚಿ, "ಹೇಳಿ ಟೀಚರ್, ಕೇಳ್ತಿದೀನಿ" ಎಂದರು.

ನೀವೂ ಸೂರ್ಯನಾರಾಯಣ ಮಾಮನಿಗೆ ಹೀಗೆ ಹೂಂಗುಟ್ಟುತ್ತಿದ್ದಿರಾ? ಮಾತಾಡಿಸುತ್ತಿದ್ದರೆ ಸಾಕೇ, ನಿಜವಾಗಿಯೂ?

ಮೈಥಿಲಿ


ಗೈದರ್ಸ್‌ಬರ್ಗ್
27 ನವೆಂಬರ್ 2023

ಮೈಥಿಲಿಗೆ ಆಶೀರ್ವಾದ.

ಇಲ್ಲಿ ಥ್ಯಾಂಕ್ಸ್‌ಗಿವಿಂಗ್ ಆಯಿತು. ಅಕ್ಕ ಕುಂಬಳಕಾಯಿಯ ಸಿಹಿ ಮಾಡಿದ್ದಳು, ನನಗೆ ನುಂಗಲಾಗಲಿಲ್ಲ. ಚಳಿ ಜಾಸ್ತಿಯಾಗಿದೆ. ಕಿಟಕಿ ಹತ್ತಿರ ಕೂರಬೇಡಿ ಎನ್ನುತ್ತಾಳೆ.

ಮೆಣಸಿನಕಾಯಿ ಇನ್ನೆರಡು ಜಾಸ್ತಿ ಕೊಡು. ಬರೀ ಮಾತು ಬೇಡ, ಪ್ರಶ್ನೆ ಕೇಳು. ಬೇರೆಯದಕ್ಕೆ ಆಮೇಲೆ ಬರೆಯುತ್ತೇನೆ.

ಅಪ್ಪ


ಮಿಲ್‌ಬ್ರಾಂಚ್
14 ಜನವರಿ 2024

ಅಪ್ಪನಿಗೆ,

ನಿಮ್ಮ "ಆಮೇಲೆ" ಇನ್ನೂ ಬಂದಿಲ್ಲ. ನಾನು ಕಾಯುವ ಸ್ಥಿತಿಯಲ್ಲಿಲ್ಲ.

ನಿನ್ನೆ ರಸ್ತೆ ಗೊಣಗಿದ್ದು ಏಳು ಸಲ. ಆಗಸ್ಟಾ ಇನ್ನೂ ಇಪ್ಪತ್ತು ಮೈಲಿಯಿದೆ ಎನ್ನುವಾಗ ರಸ್ತೆಯ ಪಕ್ಕದಲ್ಲಿ ಒಂದು ಲಾರಿ ಕೆಟ್ಟು ನಿಂತಿತ್ತು. ನಮ್ಮ ಬಸ್ಸು ಗೀರು ದಾಟಿ ನೇರ ಅದರ ಕಡೆಗೇ ಹೋಯಿತು. ನಾನು ಕಿರುಚಿದೆ. ಅರ್ನೆಸ್ಟ್ ಎಳೆದುಕೊಂಡರು. ನನ್ನ ಕಿಟಕಿಗೂ ಆ ಲಾರಿಗೂ ನಡುವೆ ಒಂದು ಮೊಳ ಇತ್ತೋ ಇಲ್ಲವೋ. ಹಿಂದೆ ಲೊರೇನ್ ಎದ್ದು ಕೂತು, "ಏನಾಯ್ತು?" ಎಂದು ಕೇಳಿದರು. ನಾನು, "ಏನಿಲ್ಲ, ಅಳಿಲು ಅಡ್ಡ ಬಂತು" ಎಂದೆ. ಅಪ್ಪಾ, ನಾನು ಹಾಗೆಂದೆ. ನಿಮ್ಮ ಬಸ್ಸು ಯಾಕೆ ವಾಲಿತು ಎಂದು ಕೇಳಿದವರಿಗೆಲ್ಲ ನಮ್ಮ ಮನೆಯಲ್ಲಿ ಹೇಳುತ್ತಿದ್ದ ಮಾತು ಎಷ್ಟು ಸುಲಭವಾಗಿ ಬಾಯಿಗೆ ಬಂತು ನೋಡಿ.

ಆಗಸ್ಟಾದಲ್ಲಿ ಬಸ್ಸು ನಿಂತಾಗ ಅರ್ನೆಸ್ಟ್‌ಗೆ ಹೇಳಿದೆ, ಒಂದು ಕೆಲಸ ಬಿಡಿ, ಒಂದು ತಿಂಗಳಾದರೂ ರಜೆ ಹಾಕಿ ಎಂದು. "ಮುಂದಿನ ತಿಂಗಳು ಟೀಚರ್, ಗ್ಯಾರಂಟಿ" ಎಂದರು. ಎರಡು ತಿಂಗಳಿಂದ ಅದನ್ನೇ ಹೇಳುತ್ತಿದ್ದಾರೆ.

ವಾಪಸ್ ಬಂದ ಮೇಲೆ ಕಂಪನಿಗೆ ಒಂದು ಪುಟ ಬರೆದೆ. ತಾರೀಕು, ಜಾಗ, ಎಷ್ಟು ಸಲ, ಎಲ್ಲ. ಕವರಿಗೆ ಹಾಕಿ, ಸ್ಟಾಂಪ್ ಅಂಟಿಸಿ, ಡ್ರಾಯರಿನಲ್ಲಿ ಇಟ್ಟಿದ್ದೇನೆ. ಅದನ್ನು ಹಾಕಿದರೆ ಅವರ ಕೆಲಸ ಹೋಗುತ್ತದೆ. ಅವರ ಹೆಂಡತಿಯನ್ನು ಯಾರು ನೋಡಿಕೊಳ್ಳುತ್ತಾರೆ? ಇನ್ನೊಂದನ್ನೂ ಮುಚ್ಚಿಡುವುದಿಲ್ಲ. ಜನ ಹತ್ತದ ನಮ್ಮೂರಿನ ಸ್ಟಾಪನ್ನು ಅರ್ನೆಸ್ಟ್ ಹಟ ಹಿಡಿದು ಉಳಿಸಿದ್ದಾರೆ. ಅವರು ಹೋದರೆ ಅದೂ ಹೋಗುತ್ತದೆ, ನಾನು ಇಲ್ಲಿಯೇ ಕೊಳೆಯುತ್ತೇನೆ.

ನಿಮ್ಮ ಮೇಲೆ ಅರ್ಜಿ ಬರೆದ ಗುರುದತ್ ಮೇಷ್ಟರ ನೆನಪಾಗುತ್ತದೆ. ನನಗಾಗ ಹತ್ತು ವರ್ಷ. ನೀವು ಮೂರು ತಿಂಗಳು ಸಸ್ಪೆಂಡ್ ಆಗಿ ಜಗಲಿಯ ಮೇಲೆ ಕೂತಿದ್ದಿರಿ. ಅಮ್ಮ ಅವರಿಗೆ ಹಿಡಿಶಾಪ ಹಾಕುತ್ತಿದ್ದಳು. ಅಕ್ಕ, ನಾನು ಸೇರಿ ಬೀದಿ ನಾಯಿಗೆ ಗುರುದತ್ ಎಂದು ಹೆಸರಿಟ್ಟು ಕಲ್ಲು ಹೊಡೆಯುತ್ತಿದ್ದೆವು. ಈಗ ನಾನೇ ಗುರುದತ್ ಆಗಬೇಕೇ? ನನ್ನಿಂದ ಆಗುತ್ತಿಲ್ಲ.

ನೀವು ಹಾಕು ಎಂದರೆ ಹಾಕುತ್ತೇನೆ. ಬೇಡ ಎಂದರೆ ಹರಿಯುತ್ತೇನೆ. ಯಾವುದಾದರೂ ಒಂದು ಹೇಳಿ. ಬೇಗ ಹೇಳಿ.

ಮೈಥಿಲಿ


ಮಿಲ್‌ಬ್ರಾಂಚ್
8 ಫೆಬ್ರವರಿ 2024, ಗುರುವಾರ

ಅಪ್ಪನಿಗೆ,

ಮೂರು ವಾರ ದಾಟಿತು, ನಿಮ್ಮಿಂದ ಅಕ್ಷರವಿಲ್ಲ. ಅಕ್ಕನ ಕೈಯಲ್ಲಿ ಇವತ್ತು ಬೆಳಿಗ್ಗೆ "ಈ ಶನಿವಾರ ಅಟ್ಲಾಂಟಾಗೆ ಹೋಗಬೇಡ" ಎಂದು ಮೆಸೇಜ್ ಹಾಕಿಸಿದಿರಿ, ಅಷ್ಟೇ. ಸ್ಕೂಲಿನಲ್ಲಿ ಶನಿವಾರ ಸ್ಪೆಷಲ್ ಕ್ಲಾಸ್ ಇಟ್ಟಿದ್ದಾರೆ, ಹೇಗೂ ಹೋಗುತ್ತಿಲ್ಲ ಎಂದು ಉತ್ತರಿಸಿದೆ. ಅಕ್ಕ ಹೆಬ್ಬೆರಳಿನ ಚಿತ್ರ ಕಳಿಸಿದಳು. ಡ್ರಾಯರಿನ ಕವರಿನ ಬಗ್ಗೆ ನೀವು ಏನೂ ಹೇಳಲಿಲ್ಲ.

ಸೆಪ್ಟೆಂಬರಿನಿಂದ ನಾನು ತಪ್ಪಿಸುತ್ತಿರುವ ಮೊದಲ ಪ್ರಯಾಣ ಇದು. ಅರ್ನೆಸ್ಟ್‌ರನ್ನು ಯಾರು ಮಾತಾಡಿಸುತ್ತಾರೆ ಎಂದು ಚಿಂತೆಯಾಗಿತ್ತು. ಅದಕ್ಕೂ ದಾರಿ ಮಾಡಿದ್ದೇನೆ. ಊಟದ ಹೊತ್ತಿನಲ್ಲಿ ಲೊರೇನ್ ಕೈಗೆ ಕಡಲೆಕಾಯಿ, ಮೆಣಸಿನಕಾಯಿ ಕೊಟ್ಟು, "ಹಿಂದೆ ಮಲಗಬೇಡಿ, ನನ್ನ ಸೀಟಲ್ಲಿ ಕೂತು ಮಾತಾಡಿಸ್ತಾ ಇರಿ. ಹೆಂಡತಿ ಹೆಸರು ಕೇಳಿ, ಸರಿಯಾಗಿ ಹೇಳ್ತಾರಾ ನೋಡಿ" ಎಂದೆ. ಯಾಕೆಂದು ಪೂರ್ತಿ ಹೇಳಲಿಲ್ಲ. ಸ್ವಲ್ಪ ಸುಸ್ತಾಗಿರುತ್ತಾರೆ ಎಂದೆ.

"ನನಗೆ ಮಾತಾಡೋದು ಹೇಳ್ಕೊಡ್ತೀಯಾ ನೀನು!" ಎಂದು ಲೊರೇನ್ ನಕ್ಕರು. ಸಮಾಧಾನವಾಯಿತು.

ಮೈಥಿಲಿ


ಗೈದರ್ಸ್‌ಬರ್ಗ್
5 ಫೆಬ್ರವರಿ 2024

ಮೈಥಿಲಿ,

ಆ ಕವರನ್ನು ಪೋಸ್ಟಿಗೆ ಹಾಕು. ಮೊದಲು ಅದನ್ನು ಮಾಡು, ಆಮೇಲೆ ಉಳಿದದ್ದನ್ನು ಓದು.

ಗುರುದತ್ ಮೇಷ್ಟರು ಬರೆದದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಮೂವತ್ತು ವರ್ಷದಿಂದ ನಿಮಗೆ ಹೇಳಿಲ್ಲ. ನಿಮ್ಮ ಅಮ್ಮ ಇದನ್ನು ತಿಳಿಯದೆಯೇ ಹೋದಳು.

ಆಗ ನಾನು ಡಬಲ್ ಡ್ಯೂಟಿ ಮೇಲೆ ಡಬಲ್ ಡ್ಯೂಟಿ ಕೇಳಿ ಹಾಕಿಸಿಕೊಳ್ಳುತ್ತಿದ್ದೆ. ಮೇಷ್ಟರು ನಾಗಮಂಗಲದಲ್ಲಿ ಹತ್ತುತ್ತಿದ್ದರು. "ಪ್ರಭಾಕರ್, ನೀವು ನಿದ್ದೆ ಮಾಡ್ತಿದೀರಿ" ಎಂದು ಎರಡು ಸಲ ನನಗೇ ಹೇಳಿದರು, ಯಾರಿಗೂ ಕೇಳಿಸದ ಹಾಗೆ. ಕಾಲು ಹಿಡಿಯುವುದೊಂದು ಬಾಕಿ, ಮುಂದಿನ ತಿಂಗಳಿಂದ ಸರಿಮಾಡಿಕೊಳ್ಳುತ್ತೇನೆ ಎಂದೆ. ನಿನ್ನ ಅರ್ನೆಸ್ಟ್ ಹೇಳುವ ಮಾತೇ ಅದು. ಮೂರನೆಯ ಸಲ ಹುಳಿಯಾರಿನ ಹತ್ತಿರ ಕೆರೆ ಏರಿಯ ಮೇಲೆ ಹೋಗುತ್ತಿದ್ದೆವು. ಸೂರ್ಯನಾರಾಯಣ ಅವನ ತಂಗಿಯ ಮದುವೆ ವಿಷಯ ಹೇಳುತ್ತಿದ್ದ. ನಾನು ಹೂಂ, ಹೂಂ ಎನ್ನುತ್ತಿದ್ದೆ. ಅವನಿಗೆ ಅನುಮಾನವೇ ಬರಲಿಲ್ಲ. ನಾನು ಹೂಂ ಎನ್ನುತ್ತಲೇ ನಿದ್ದೆ ಹೋಗಿದ್ದೆ. ಮೇಷ್ಟರು ಹಾರಿ ಬಂದು ಸ್ಟೀರಿಂಗ್ ಎಳೆಯದಿದ್ದರೆ ಐವತ್ತೆರಡು ಜನ ನೀರಿನಲ್ಲಿರುತ್ತಿದ್ದರು.

ಅಂದೇ ಅವರು ಅರ್ಜಿ ಬರೆದರು. ಮೂರು ತಿಂಗಳು ನಾನು ಜಗಲಿಯಲ್ಲಿ ಕೂತಿರಲಿಲ್ಲ, ನಿದ್ದೆ ಮಾಡಿದೆ. ಅದರಿಂದಲೇ ಬದುಕಿದ್ದೇನೆ. ನೀವು ಆ ನಾಯಿಗೆ ಕಲ್ಲು ಹೊಡೆದಾಗಲೆಲ್ಲ ಬೇಡ ಎಂಬ ಮಾತು ಬಾಯಿಗೆ ಬರುತ್ತಿತ್ತು. ಎನ್ನಲಿಲ್ಲ. ಆಗ ನನಗೆ ದನಿ ಇತ್ತು.

ಮಾತಾಡಿಸಿದರೆ ಸಾಕೇ ಎಂದು ನವೆಂಬರಿನಲ್ಲಿ ಕೇಳಿದೆಯಲ್ಲ. ಸಾಲದು. ಆ "ಅಹ್ಹಾ" ಓದಿದಾಗಲೇ ನನಗೆ ಗೊತ್ತಾಯಿತು. ನನ್ನ ಮಾನಕ್ಕೆ ಅಂಜಿ ನಿನ್ನನ್ನು ಆ ಸೀಟಿನಲ್ಲೇ ಕೂರಿಸಿದೆ. ಇನ್ನು ಅಲ್ಲಿ ಕೂರಬೇಡ.

ಅಪ್ಪ

8ನೇ ತಾರೀಕು. ಮೂರು ದಿನ ಇದನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಇವತ್ತು ಭಯವಾಗಿ ಅಕ್ಕನಿಂದ ಮೆಸೇಜ್ ಹಾಕಿಸಿದೆ. ನೀನು ಹೋಗುತ್ತಿಲ್ಲ ಎಂದು ತಿಳಿದು ಎದೆ ಹಗುರವಾಯಿತು. ಇನ್ನು ಅವಸರವಿಲ್ಲ. ನಿಧಾನವಾಗಿ ತಲುಪಲಿ ಎಂದು ಈಗ ಡಬ್ಬಿಗೆ ಹಾಕುತ್ತಿದ್ದೇನೆ.


ಮಿಲ್‌ಬ್ರಾಂಚ್
18 ಫೆಬ್ರವರಿ 2024

ಅಪ್ಪನಿಗೆ,

ನಿಮ್ಮ ಪತ್ರ ಹನ್ನೆರಡನೆಯ ತಾರೀಕು, ಸೋಮವಾರ ಬಂತು. ಬಸ್ಸು ಶನಿವಾರವೇ ಹೋಗಿತ್ತು.

ಅಕ್ಕ ಫೋನಿನಲ್ಲಿ ಕೇಳಿ ನಿಮಗೆ ಹೇಳಿರುತ್ತಾಳೆ. ಆದರೂ ನಾನು ಬರೆಯಬೇಕು. ಆಗಸ್ಟಾಗೆ ಸ್ವಲ್ಪ ಮುಂಚೆ, ಬೆಳಿಗ್ಗೆ ಹತ್ತು ಗಂಟೆಯ ಬಿಸಿಲಿನಲ್ಲಿ, ಬಸ್ಸು ಬಲಕ್ಕೆ ಸರಿದು ರಸ್ತೆಯಾಚೆಯ ಮರಗಳಿಗೆ ಹೊಡೆಯಿತು. ಒಂಬತ್ತು ಜನ ಆಸ್ಪತ್ರೆಯಲ್ಲಿದ್ದಾರೆ. ಅರ್ನೆಸ್ಟ್ ಬದುಕಿದ್ದಾರೆ, ಎರಡು ಕಾಲೂ ಮುರಿದಿವೆ. ಹಿಂದಿನ ಸೀಟುಗಳಿಗೆ ಏನೂ ಆಗಿಲ್ಲ. ಬಾಗಿಲ ಕಡೆಯ ಮುಂಭಾಗ ಉಳಿದಿಲ್ಲ. ಸತ್ತದ್ದು ಒಬ್ಬರೇ.

ಗುರುವಾರ ಲೊರೇನ್ ಮಗಳು ಸ್ಕೂಲಿಗೆ ಬಂದಿದ್ದಳು, ಅಮ್ಮನ ಏಪ್ರನ್ನು, ಚಪ್ಪಲಿ ತೆಗೆದುಕೊಂಡು ಹೋಗಲು. ನನ್ನನ್ನು ಹುಡುಕಿಕೊಂಡು ಕ್ಲಾಸಿಗೇ ಬಂದು ಕೈ ಹಿಡಿದಳು. "ನೀವೇ ಅಲ್ವಾ ಅಮ್ಮಂಗೆ ನಿಮ್ಮ ಸೀಟು ಕೊಟ್ಟಿದ್ದು? ಮುಂದೆ ಕೂತಿದೀನಿ, ದಾರಿಯೆಲ್ಲ ಕಾಣ್ತಿದೆ, ಇಷ್ಟು ದಿನ ಹಿಂದೆ ಮಲ್ಕೊಂಡು ದಡ್ಡಿ ಆದೆ ಅಂತ ಬಸ್ಸಿಂದ ಫೋನ್ ಮಾಡಿದ್ರು. ತುಂಬ ಖುಷಿಯಾಗಿದ್ರು. ಥ್ಯಾಂಕ್ಸ್" ಎಂದಳು.

ಅವಳು ನನಗೆ ಥ್ಯಾಂಕ್ಸ್ ಹೇಳಿದಳು, ಅಪ್ಪಾ. ನಾನು ಅವಳ ಕೈ ಬಿಡಿಸಿಕೊಳ್ಳಲೂ ಇಲ್ಲ, ನಿಜ ಹೇಳಲೂ ಇಲ್ಲ. ಹೂಂ, ಹೂಂ ಎಂದೆ.

ಸ್ಟಾಂಪ್ ಅಂಟಿಸಿದ ಕವರು ಇನ್ನೂ ಡ್ರಾಯರಿನಲ್ಲಿದೆ. ಇಪ್ಪತ್ತೇಳನೆಯ ತಾರೀಕು ತನಿಖೆಯವರು ಊರಿಗೆ ಬರುತ್ತಾರೆ. ಆ ಬಸ್ಸಿನಲ್ಲಿ ಯಾವಾಗಲೂ ಹೋಗುತ್ತಿದ್ದವರಿಗೆ ಮುಂಚೆ ಏನಾದರೂ ಕಂಡಿತ್ತೇ ಎಂದು ಕೇಳುತ್ತಾರಂತೆ. ನಾನು ಹೋಗಿ ಹೇಳುತ್ತೇನೆ. ಕವರನ್ನು ಕೊಡುತ್ತೇನೆ. ನನ್ನ ಪಾಲಿನದು ಅದು. ನಿಮ್ಮ ಪತ್ರಗಳನ್ನು ಏನು ಮಾಡಲಿ? ಅವುಗಳನ್ನು ಕೊಟ್ಟರೆ ಹುಳಿಯಾರಿನ ವಿಷಯ ಅಕ್ಕನಿಗೂ ಗೊತ್ತಾಗುತ್ತದೆ, ಎಲ್ಲರಿಗೂ ಗೊತ್ತಾಗುತ್ತದೆ. ಕೊಡದಿದ್ದರೆ ನಾನು ಇನ್ನೊಂದು ಸಲ ಅಳಿಲು ಅಡ್ಡ ಬಂತು ಎಂದ ಹಾಗೆ.

ಈ ಸಲ ಜೇಬಿನಲ್ಲಿ ಇಟ್ಟುಕೊಳ್ಳಬೇಡಿ.

ಮೈಥಿಲಿ


ಗೈದರ್ಸ್‌ಬರ್ಗ್
22 ಫೆಬ್ರವರಿ 2024

ಮೈಥಿಲಿ,

ನಿನ್ನ ಪತ್ರ ಬಂದ ಗಂಟೆಯಲ್ಲೇ ಬರೆಯುತ್ತಿದ್ದೇನೆ. ಅಕ್ಕ ಇದನ್ನು ನಾಳೆಯೇ ತಲುಪುವ ಅಂಚೆಯಲ್ಲಿ ಹಾಕುತ್ತಾಳೆ. ಅವಳಿಗೆ ಎಲ್ಲ ಬರೆದು ತೋರಿಸಿದೆ. ಓದಿ ಎದ್ದು ಹೋದಳು, ಅಡುಗೆಮನೆಯಲ್ಲಿ ತುಂಬ ಹೊತ್ತು ನಲ್ಲಿ ಬಿಟ್ಟುಕೊಂಡು ನಿಂತಿದ್ದಳು. ಆಮೇಲೆ ಬಂದು, ಇಪ್ಪತ್ತಾರಕ್ಕೆ ಮಿಲ್‌ಬ್ರಾಂಚ್‌ಗೆ ಕಾರಿನಲ್ಲಿ ಕರೆದುಕೊಂಡು ಹೋಗ್ತೀನಿ ಎಂದಳು.

ಎಲ್ಲ ಪತ್ರಗಳನ್ನೂ ಕೊಡು. ಅವರಿಗೆ ಕನ್ನಡ ಬಾರದು, ಓದಿ ಹೇಳಬೇಕಾಗುತ್ತದೆ. ಫೆಬ್ರವರಿಯದನ್ನು ಮೊದಲು ಓದಬೇಡ, ಅದರಲ್ಲಿ ನಾನು ಒಳ್ಳೆಯವನ ಹಾಗೆ ಕಾಣುತ್ತೇನೆ. ಆ ಸೀಟಿನಲ್ಲಿ ಕೂರು, ಅರ್ಜಿ ಬರೆಯಬೇಡ ಎಂದ ಸೆಪ್ಟೆಂಬರ್ ಹದಿನೇಳರದ್ದನ್ನು ಓದು. ಆಮೇಲೆ ಲೊರೇನ್ ಮಗಳ ಮನೆಗೆ ಹೋಗೋಣ. ನನಗೆ ದನಿಯಿಲ್ಲ, ಅವಳ ಎದುರು ಕೂತು ಬರೆದು ಕೊಡುತ್ತೇನೆ. ನೀನು ಓದಿ ಹೇಳು, ಒಂದಕ್ಷರ ಬಿಡದೆ: ಆ ಸೀಟನ್ನು ನಿಮ್ಮ ಅಮ್ಮನಿಗೆ ಕೊಟ್ಟವಳು ನನ್ನ ಮಗಳಲ್ಲ, ನಾನು.

ಪ್ರಭಾಕರ
ನಿವೃತ್ತ ಬಸ್ ಡ್ರೈವರ್